ಉಮಿಕರಿ ಮತ್ತು ಅಮ್ಮನ ಹಲ್ಲು

ಮೂಡುಬಿದಿರೆಯಲ್ಲಿ ಎಂಎಸ್ಸಿ ಓದುವಾಗ ನನ್ನ ಪ್ರಾಜೆಕ್ಟ್ ಬಣ್ಣದ ನೀರನ್ನು ಉಮಿಕರಿಯಿಂದ ತಿಳಿ ಮಾಡುವುದಾಗಿತ್ತು. ಬಂಟ್ವಾಳದ ಕುಚ್ಚಲಕ್ಕಿ ಮಿಲ್ಲಿನಿಂದ ಭತ್ತದ ಉಮಿ ತಂದು ಮನೆಯಲ್ಲೇ ಸುಟ್ಟು ಕರಿ ಮಾಡಿದ್ದೆ. ಬಟ್ಟೆಗೆ ಹಾಕುವ ನೀಲಿ ಬಣ್ಣದ ನೀರಿಗೆ ಅದನ್ನು ಬೆರೆಸಿ ಸೋಸಿದರೆ ಬಾವಿನೀರಿನಷ್ಟು ತಿಳಿಯಾಗಿ ಇಳಿಯುತ್ತಿತ್ತು. ಗೈಡ್‌ಗೆ ಅಷ್ಟು ಸಾಲದು. "ಹಿಡಿದ ಬಣ್ಣವನ್ನು ಕರಿ ಮತ್ತೆ ಬಿಡುವುದಿಲ್ಲ ಅಂತ ಏನು ಗ್ಯಾರಂಟಿ?" ಎಂದು ದಿನಾ ನನ್ನ ತಲೆ ತಿನ್ನುತ್ತಿದ್ದರು.

ಒಂದು ಬೆಳಿಗ್ಗೆ ನೋಡುತ್ತೇನೆ, ಬಣ್ಣ ಹೀರಿದ ಕರಿಯನ್ನು ಒಣಗಲು ಇಟ್ಟಿದ್ದ ತಟ್ಟೆಯಿಂದ ಅಮ್ಮ ಚಿಟಿಕೆ ತೆಗೆದು ಬಾವಿಕಟ್ಟೆಯ ಹತ್ತಿರ ಹಲ್ಲುಜ್ಜುತ್ತಿದ್ದಾರೆ. ಅವರಿಗೆ ಪೇಸ್ಟು ಆಗುವುದಿಲ್ಲ, ಮೊದಲಿನಿಂದಲೂ ಉಮಿಕರಿಯೇ.

"ಅಮ್ಮಾ, ಉಗುಳು. ಅದರಲ್ಲಿ ನೀಲಿ ಬಣ್ಣ ಉಂಟು."

ಅಮ್ಮ ಗಾಬರಿಯಾಗಿ ಬಾಯಿ ಮುಕ್ಕಳಿಸಿದರು. ಮುಖ ಬಿಸಿಲಿಗೆ ತಿರುಗಿಸಿ ಹಲ್ಲು, ನಾಲಗೆ ಎಲ್ಲ ನೋಡಿದೆ. ನೀಲಿಯ ಸುಳಿವೇ ಇಲ್ಲ.

"ಎಲ್ಲಿ ಉಂಟು ನಿನ್ನ ಬಣ್ಣ? ಸುಮ್ಮನೆ ಹೆದರಿಸ್ತೀಯ" ಎಂದು ರೇಗಿದರು.

ಗೈಡ್ ಕೇಳಿದ್ದ ಪರೀಕ್ಷೆಯನ್ನು ಆಮೇಲೆ ಲ್ಯಾಬಿನಲ್ಲಿ ಮಾಡಿ, ಹಿಡಿದ ಬಣ್ಣವನ್ನು ಕರಿ ಬಿಡುವುದಿಲ್ಲ ಎಂದು ವರದಿ ಕೊಟ್ಟೆ. ನಾನು ನಂಬಿದ್ದು ಮಾತ್ರ ಅಮ್ಮನ ಹಲ್ಲನ್ನು.