ಒಂದನೇ ಕ್ಲಾಸಿನ ದೋಸೆ ಆಟ

ಬೆಂಗಳೂರಿನ ಹೆಗ್ಗನಹಳ್ಳಿಯ ಜಿ.ಕೆ. ಬ್ರೈಟ್ ಸ್ಕೂಲಿನ ಒಂದನೇ ಕ್ಲಾಸನ್ನು ಮೊದಲ ಸಲ ನೋಡಿದವರು, ಈ ಮಿಸ್ಸಿಗೆ ಮನೆಯಲ್ಲಿ ಬೇರೆ ಕೆಲಸವೇ ಇಲ್ಲವೇ ಎಂದು ಕೇಳುತ್ತಿದ್ದರು. ಕೆಳಗೆ ಹಿಟ್ಟಿನ ಗಿರಣಿ, ಮೇಲೆ ಹತ್ತಡಿಗೆ ಹದಿನಾಲ್ಕಡಿ ಕೋಣೆ, ಅದರಲ್ಲಿ ಮೂವತ್ತೆಂಟು ಮಕ್ಕಳು. ಅಷ್ಟರಲ್ಲೇ ನೀಲಾಂಬಿಕಾ ಒಂದು ಸಂಸಾರ ಹೂಡಿದ್ದಳು. ಹಳೇ ಲಗ್ನಪತ್ರಿಕೆ ಕತ್ತರಿಸಿ ಅಕ್ಷರದ ಕಾರ್ಡು ಮಾಡಿದ್ದಳು, ಸೋಡಾ ಮುಚ್ಚಳಗಳ ಮೇಲೆ ಅಂಕಿ ಬರೆದಿದ್ದಳು. ಹತ್ತು ಬೆಂಕಿಕಡ್ಡಿಗೊಂದು ರಬ್ಬರ್ ಬ್ಯಾಂಡ್ ಹಾಕಿದರೆ ಹತ್ತರ ಕಟ್ಟು. ಹಾರ್ಲಿಕ್ಸ್ ಬಾಟಲಿಯ ತುಂಬ ತೊಳೆದು ಒಣಗಿಸಿದ ಹುಣಸೆಬೀಜ. ಗೋಡೆಯುದ್ದಕ್ಕೂ ದಾರ ಕಟ್ಟಿ ಹದಿನಾರು ಚಾರ್ಟು ತೂಗುಬಿಟ್ಟಿದ್ದಳು, ಅದೂ ಮಕ್ಕಳ ಕೈಗೆ ಎಟುಕುವಷ್ಟು ತಗ್ಗಿನಲ್ಲಿ. ಗಿರಣಿ ಓಡುವಾಗ ನೆಲ ಗಡಗಡ ನಡುಗಿ ಬೀಜಗಳೆಲ್ಲ ಕುಣಿಯುತ್ತಿದ್ದವು. ಆ ಹೊತ್ತಿನಲ್ಲಿ ಅವಳು ಲೆಕ್ಕ ಬಿಟ್ಟು ಪದ್ಯ ಹೇಳಿಸುತ್ತಿದ್ದಳು.

ಎಲ್ಲ ಸರಿ. ಆದರೆ ಆ ಹದಿನಾರು ಚಾರ್ಟುಗಳಿಗೂ ಎರಡೆರಡು ಮುಖ ಏಕಿದ್ದವು ಎನ್ನುವುದನ್ನು ಮಾತ್ರ ಹೊರಗಿನವರಿಗೆ ಹೇಳುವಂತಿರಲಿಲ್ಲ.

ಸರ್ಕಾರದ ಕಾಗದದಲ್ಲಿ ಆ ಶಾಲೆಯ ಹೆಸರು ‘ಶ್ರೀ ಗುರುಕೃಪಾ ಕನ್ನಡ ಕಿರಿಯ ಪ್ರಾಥಮಿಕ ಶಾಲೆ’. ಬೀದಿಯ ಬೋರ್ಡಿನಲ್ಲಿ ‘ಜಿ.ಕೆ. ಬ್ರೈಟ್ ಸ್ಕೂಲ್, ಇಂಗ್ಲಿಷ್ ಮೀಡಿಯಂ’. ಕನ್ನಡದಲ್ಲಿ ಪಾಠ ಮಾಡುತ್ತೇನೆಂದು ಸರ್ಕಾರಕ್ಕೆ ಬರೆದುಕೊಟ್ಟು ಅನುಮತಿ ತಂದ ಮಾಲೀಕ ರುದ್ರಮುನಿ, ಇಂಗ್ಲಿಷಿನಲ್ಲಿ ಮಾಡುತ್ತೇನೆಂದು ತಂದೆತಾಯಿಗಳಿಗೆ ಮಾತು ಕೊಟ್ಟು ಮಕ್ಕಳನ್ನು ತಂದಿದ್ದರು. ಹಾಗೆ ನೋಡಿದರೆ ಎರಡು ಮಾತೂ ನಡೆಯುತ್ತಿರಲಿಲ್ಲ. ನೀಲಾಂಬಿಕಾಳ ಇಂಗ್ಲಿಷು ಒಂದನೇ ಕ್ಲಾಸಿನ ಪುಸ್ತಕದ ಕೊನೇ ಪುಟಕ್ಕೆ ಮುಗಿಯುತ್ತಿತ್ತು. ಊರ ತುಂಬ ಇಂಥವೇ ಶಾಲೆಗಳಿದ್ದುದರಿಂದ ಯಾರಿಗೂ ನಾಚಿಕೆ ಎನಿಸಿರಲಿಲ್ಲ.

೨೦೦೬ರಲ್ಲಿ ಸರ್ಕಾರ ಕಣ್ಣು ಬಿಟ್ಟಿತು. ಅನುಮತಿ ಒಂದು, ಪಾಠ ಇನ್ನೊಂದು ಆಗಿರುವ ಶಾಲೆಗಳ ಮಾನ್ಯತೆ ಕಿತ್ತುಹಾಕುತ್ತೇವೆ ಎಂದಿತು. ದಿನ ಬೆಳಗಾದರೆ ಪೇಪರಿನಲ್ಲಿ ಅದೇ ಸುದ್ದಿ. ಅವನು ಚಾಪೆ ಕೆಳಗೆ ತೂರಿದರೆ ನೀನು ರಂಗೋಲಿ ಕೆಳಗೆ ತೂರು ಎನ್ನುತ್ತಾರಲ್ಲ, ರುದ್ರಮುನಿ ರಂಗೋಲಿ ಹುಡುಕಿಕೊಂಡು ನೀಲಾಂಬಿಕಾಳ ಬಳಿಗೆ ಬಂದರು.

“ಮಿಸ್, ಮೆಟ್ಲು ಹತ್ತಿದ ತಕ್ಷಣ ಸಿಗೋದು ನಿಮ್ ಕ್ಲಾಸು. ಇನ್‌ಸ್ಪೆಕ್ಷನ್‌ಗೆ ಬಂದೋರು ಮೊದ್ಲು ಇಲ್ಲಿಗೇ ನುಗ್ತಾರೆ. ನೀವು ಪಾಸಾದ್ರೆ ಸ್ಕೂಲೇ ಪಾಸು.”

“ಫೇಲಾದ್ರೆ ಸಾರ್?”

“ಬೀಗ. ನಾನೂ ಮನೇಗೆ, ನೀವೂ ಮನೇಗೆ. ನನ್ನ ಮನೆ ಹೇಗೂ ಮೇಲ್ಗಡೇನೇ ಇದೆ ಬಿಡಿ. ಅನಘಾನ್ನ ಎಲ್ಲಿಗೆ ಸೇರಿಸ್ತೀರಾ, ಅದನ್ನ ಯೋಚ್ನೆ ಮಾಡಿ.”

ಗಾಳ ಸರಿಯಾದ ಕಡೆಗೇ ಬಿದ್ದಿತ್ತು. ಅನಘಾ ನೀಲಾಂಬಿಕಾಳ ಮಗಳು, ಅದೇ ಒಂದನೇ ಕ್ಲಾಸಿನ ಮುಂದಿನ ಸಾಲಿನಲ್ಲಿ ಕೂರುವವಳು. ಟೀಚರ್ ಮಕ್ಕಳಿಗೆ ಅಲ್ಲಿ ಫೀಸಿಲ್ಲ. ನೀಲಾಂಬಿಕಾ ಈ ಕೆಲಸಕ್ಕೆ ಸೇರಿದ್ದೇ ಅದಕ್ಕೆ. ಗಂಡ ರೇವಣಸಿದ್ದಯ್ಯ ಕಾಮಾಕ್ಷಿಪಾಳ್ಯದ ಲೇತ್ ವರ್ಕ್‌ಶಾಪಿನಲ್ಲಿದ್ದ. ಅವನ ಸಂಬಳದಲ್ಲಿ ಇಂಗ್ಲಿಷ್ ಮೀಡಿಯಂ ಎನ್ನುವುದು ಆಕಾಶಕ್ಕೆ ಏಣಿ ಹಾಕುವ ಮಾತು.

ಇಂಗ್ಲಿಷೇ ಬೇಕೆಂಬ ಹಟ ಅವಳಿಗೆ ಸುಮ್ಮನೆ ಬಂದದ್ದಲ್ಲ. ಚಿತ್ರದುರ್ಗದಲ್ಲಿ ಮೇಷ್ಟರ ತರಬೇತಿ ಟಿಸಿಎಚ್ ಓದಿ ಫಸ್ಟ್ ಕ್ಲಾಸಿನಲ್ಲಿ ಪಾಸಾದವಳು, ಮದುವೆಯಾಗಿ ಬೆಂಗಳೂರಿಗೆ ಬಂದ ಹೊಸದರಲ್ಲಿ ರಾಜಾಜಿನಗರದ ಒಂದು ದೊಡ್ಡ ಶಾಲೆಗೆ ಇಂಟರ್‌ವ್ಯೂಗೆ ಹೋಗಿದ್ದಳು. ನಿಮ್ಮ ಬಗ್ಗೆ ಹೇಳಿ ಎಂದು ಅಲ್ಲಿನ ಮೇಡಂ ಇಂಗ್ಲಿಷಿನಲ್ಲಿ ಕೇಳಿದರು. ನೀಲಾಂಬಿಕಾ ಹೆಸರು ಹೇಳಿದಳು, ಊರು ಹೇಳಿದಳು, ಆಮೇಲೆ ಬೆವರಿದಳು. ‘ವಿ ವಿಲ್ ಕಾಲ್ ಯೂ’ ಎಂದರು. ಅವಳು ಅದನ್ನು ನಂಬಿ ಪಕ್ಕದ ಮನೆಯ ಫೋನಿನ ಹತ್ತಿರ ಎರಡು ತಿಂಗಳು ಕಿವಿ ಇಟ್ಟುಕೊಂಡು ಕಾದಳು. ನನ್ನ ಮಗಳು ಯಾರ ಮುಂದೆಯೂ ಹೀಗೆ ಬೆವರಬಾರದು ಎಂದು ಆಗಲೇ ನಿರ್ಧಾರ ಮಾಡಿದ್ದಳು, ಮಗಳು ಇನ್ನೂ ಹುಟ್ಟಿರಲಿಲ್ಲ.

ಹಾಗಾಗಿ ಚಾರ್ಟುಗಳಿಗೆ ಎರಡನೇ ಮುಖ ಬಂತು. ಈ ಕಡೆ ಆ್ಯಪಲ್, ಆ ಕಡೆ ಅರಸ. ಈ ಕಡೆ ಬಾಲ್, ಆ ಕಡೆ ಆನೆ. ಲಗ್ನಪತ್ರಿಕೆಯ ಕಾರ್ಡುಗಳಿಗೂ ಅದೇ ಭಾಗ್ಯ. ಒಂದು ವಾರ ಅಡುಗೆಮನೆಯಲ್ಲಿ ಕೂತು ಸ್ಕೆಚ್ ಪೆನ್ನಿನಲ್ಲಿ ಬರೆದದ್ದೇ ಬರೆದದ್ದು. ಎಲ್ಲವನ್ನೂ ಮಕ್ಕಳೇ ತಿರುಗಿಸಬೇಕಲ್ಲ, ಅದಕ್ಕೊಂದು ಆಟ ಕಟ್ಟಿದಳು. ಕೆಳಗೆ ಆಯಾ ಎರಡು ಸಲ ಗಂಟೆ ಹೊಡೆದರೆ ಮಿಸ್ “ದೋಸೆ ಮಗುಚಿ” ಎನ್ನುತ್ತಾಳೆ. ಹದಿನಾರು ಮಕ್ಕಳು ಓಡಿಹೋಗಿ ತಂತಮ್ಮ ಚಾರ್ಟು ಮಗುಚಬೇಕು, ಉಳಿದವರು ಕಾರ್ಡು ಮಗುಚಬೇಕು, ಇಂಗ್ಲಿಷ್ ಪುಸ್ತಕ ಬ್ಯಾಗಿನ ತಳಕ್ಕೆ, ಕನ್ನಡ ಪುಸ್ತಕ ಮೇಲಕ್ಕೆ. ಕೊನೆಗೆ ಕೈಕಟ್ಟಿ “ನಮಸ್ಕಾರ ಗುರುಗಳೇ.” ಮಕ್ಕಳಿಗೆ ಈ ಆಟ ಎಷ್ಟು ಹಿಡಿಸಿತೆಂದರೆ ದಿನಾ ಬಂದು “ಮಿಸ್, ದೋಸೆ ಯಾವಾಗ?” ಎಂದು ಪೀಡಿಸುತ್ತಿದ್ದವು. ರುದ್ರಮುನಿ ಬಾಗಿಲಲ್ಲಿ ನಿಂತು ವಾಚು ನೋಡುತ್ತಿದ್ದರು. ಮೊದಲ ದಿನ ಮೂರು ನಿಮಿಷ ಹಿಡಿದಿತ್ತು, ಹದಿನೈದು ದಿನಕ್ಕೆ ಐವತ್ತು ಸೆಕೆಂಡಿಗೆ ಇಳಿಯಿತು. ಇಡೀ ವರ್ಷದಲ್ಲಿ ಆ ಕ್ಲಾಸು ಪೂರ್ತಿ ಕಲಿತ ಪಾಠ ಅದೊಂದೇ.

ಆಮೇಲೆ ರುದ್ರಮುನಿಗೆ ಇನ್ನೊಂದು ಹೊಳೆಯಿತು. ಬೀರುವಿನಲ್ಲಿದ್ದ ಕನ್ನಡ ಪುಸ್ತಕಗಳು ಗರಿಗರಿಯಾಗಿದ್ದವು. ಜೂನಿನಿಂದ ಓದಿದ ಪುಸ್ತಕ ಸೆಪ್ಟೆಂಬರಿನಲ್ಲಿ ಪ್ರೆಸ್ಸಿನ ವಾಸನೆ ಹೊಡೆದರೆ ಯಾರು ನಂಬುತ್ತಾರೆ? ಸರಿ, ಒಂದು ಶುಕ್ರವಾರ ಕ್ರಾಫ್ಟ್ ಪೀರಿಯಡ್‌ನಲ್ಲಿ ಪುಸ್ತಕ ಹಳೇದು ಮಾಡುವ ಚಟುವಟಿಕೆ ನಡೆಯಿತು. ಊಟದ ಡಬ್ಬಿಯ ಎಣ್ಣೆ ಕೈಯಲ್ಲಿ ಪುಟ ತಿರುವಿ, ಮೂಲೆ ಮಡಚಿ, ಎರಡು ಚಿತ್ರಕ್ಕೆ ಮೀಸೆ ಬರೆಯಬೇಕು. ಮಕ್ಕಳು ಕೇಕೆ ಹಾಕಿಕೊಂಡು ಮಾಡಿದವು. ಲಕ್ಷ್ಮವ್ವ ಒಬ್ಬಳು ಮಾತ್ರ ಪುಸ್ತಕವನ್ನು ಎದೆಗೆ ಅವಚಿಕೊಂಡು ಕೂತಿದ್ದಳು.

“ಹೊಲಸು ಕೈ ಹಚ್ಚಬಾರದ್ರಿ ಮಿಸ್. ನಮ್ಮವ್ವ ಬೈತಾಳ.”

ಲಕ್ಷ್ಮವ್ವನ ಅಪ್ಪ ರಾಚಪ್ಪ ಸಿಂಧನೂರಿನ ಕಡೆಯಿಂದ ಗಾರೆ ಕೆಲಸಕ್ಕೆಂದು ಬಂದವನು. ಮಗಳಿಗೆ ಇಟ್ಟದ್ದು ಅಜ್ಜಿಯ ಹೆಸರು. ರುದ್ರಮುನಿ ಹಾಜರಿ ಪುಸ್ತಕದಲ್ಲಿ ಅವ್ವನನ್ನು ಹಾರಿಸಿ ‘ಲಕ್ಷ್ಮಿ’ ಎಂದಷ್ಟೇ ಬರೆದುಕೊಂಡಿದ್ದರು. ಶಾಲೆಗೆ ಸೇರಿ ಮೂರು ತಿಂಗಳಾದರೂ ಹುಡುಗಿ ಪಾಠದಲ್ಲಿ ಬಾಯಿ ಬಿಟ್ಟದ್ದಿಲ್ಲ. ಮಿಸ್ಸಿನ ತುಟಿಯನ್ನೇ ನೋಡುತ್ತ ಕೂತಿರುತ್ತಿದ್ದಳು. ನೀಲಾಂಬಿಕಾ ಅವಳ ಪುಸ್ತಕವನ್ನು ತೆಗೆದುಕೊಂಡು ತಾನೇ ಮೂಲೆ ಮಡಚಿದಳು. ಮನೆಗೆ ಬಂದು ಗಂಡನಿಗೆ ಹೇಳಿದಾಗ ರೇವಣಸಿದ್ದಯ್ಯ ಬಿದ್ದು ಬಿದ್ದು ನಕ್ಕ. ಅವಳಿಗೆ ನಗು ಬರಲಿಲ್ಲ.

ದಸರಾ ರಜೆಗೆ ಒಂದು ವಾರವಿದ್ದಾಗ, ಬುಧವಾರ ಬೆಳಿಗ್ಗೆ ಗಂಟೆ ಎರಡು ಸಲ ಹೊಡೆಯಿತು. “ದೋಸೆ ಮಗುಚಿ” ಎಂದಳು ನೀಲಾಂಬಿಕಾ. ದೋಸೆಗಳು ಮಗುಚಿಕೊಂಡವು. ಕೃಷ್ಣಯ್ಯ ಎಂಬ ಇನ್‌ಸ್ಪೆಕ್ಟರು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಒಂದನೇ ಕ್ಲಾಸು ಕನ್ನಡ ರಾಜ್ಯೋತ್ಸವದ ವೇದಿಕೆಯಾಗಿತ್ತು. ಅವರ ಹಿಂದೆಯೇ ಬಂದ ರುದ್ರಮುನಿ, ಎಂದೂ ಇಲ್ಲದ ವಿಭೂತಿ ಹಚ್ಚಿಕೊಂಡು ಬಾಗಿಲಿಗೆ ಒರಗಿ ನಿಂತರು.

ಕೃಷ್ಣಯ್ಯ ಕುರ್ಚಿಯಲ್ಲಿ ಕೂರಲಿಲ್ಲ, ಚಾಪೆಯ ಮೇಲೆ ಮಕ್ಕಳ ನಡುವೆ ಕೂತರು. “ನಾನೂ ಇಪ್ಪತ್ತೆರಡು ವರ್ಷ ಪ್ರೈಮರಿ ಮೇಷ್ಟ್ರಾಗಿದ್ದೋನು ಕಣಮ್ಮ. ನೀವು ಪಾಠ ಮಾಡಿ, ನಾನು ಇಲ್ಲ ಅಂದ್ಕೊಳಿ.”

ನೀಲಾಂಬಿಕಾ ಹುಣಸೆಬೀಜ ಹಂಚಿದಳು. ಕೂಡುವ ಲೆಕ್ಕ. ನಿಮ್ಮಜ್ಜಿ ಮೂರು ಹೋಳಿಗೆ ಕೊಟ್ಟಳು, ಸೋದರತ್ತೆ ಕದ್ದುಮುಚ್ಚಿ ಇನ್ನೆರಡು ಕೊಟ್ಟಳು ಎಂದು ಶುರುಮಾಡಿದಳು. ಹತ್ತು ನಿಮಿಷಕ್ಕೆ ಕೃಷ್ಣಯ್ಯ ಇರುವುದೇ ಮರೆತುಹೋಯಿತು. ಮಕ್ಕಳು ಮೊಣಕಾಲೂರಿ ಎದ್ದು ಉತ್ತರ ಹೇಳುತ್ತಿದ್ದವು. ಅತ್ತೆಗೆ ಎಷ್ಟು ಉಳೀತು ಮಿಸ್ ಎಂದು ಒಬ್ಬ ಕೇಳಿದ, ಹಾಗೆ ಕಳೆಯುವ ಲೆಕ್ಕವೂ ತಾನಾಗಿ ಬಂತು. ಲಕ್ಷ್ಮವ್ವ ಬೀಜಗಳನ್ನು ಸರಸರ ಸರಿಸುತ್ತ ಎಲ್ಲರಿಗಿಂತ ಮೊದಲು ಉತ್ತರ ಕೂಗುತ್ತಿದ್ದಳು. ಮೂರು ತಿಂಗಳಿಂದ ಪಾಠದಲ್ಲಿ ತುಟಿ ಬಿಚ್ಚದ ಹುಡುಗಿ ಇವಳೇನಾ ಎಂದು ನೀಲಾಂಬಿಕಾಗೆ ಆಶ್ಚರ್ಯ. ಆ ಅರ್ಧ ಗಂಟೆ ಅವಳು ಎಷ್ಟು ಸಂತೋಷವಾಗಿದ್ದಳೆಂದರೆ, ಅದು ನಾಟಕ ಎನ್ನುವುದು ಅವಳಿಗೇ ನೆನಪಿರಲಿಲ್ಲ.

ಕೃಷ್ಣಯ್ಯನವರ ಮುಖ ಅರಳಿತ್ತು. ಏಳುತ್ತ ಮಕ್ಕಳನ್ನು ಕೇಳಿದರು, “ನಿಮ್ ಮಿಸ್ಸು ದಿನಾ ಹೀಗೇ ಪಾಠ ಮಾಡ್ತಾರಾ?”

“ಹೌದೂ ಸಾರ್,” ಎಂದು ಕ್ಲಾಸಿಗೆ ಕ್ಲಾಸೇ ಹೇಳಿತು.

“ಇಲ್ರಿ ಸರ,” ಎಂದಳು ಲಕ್ಷ್ಮವ್ವ.

ಖುಷಿಯಲ್ಲಿದ್ದಳು ಹುಡುಗಿ. ಮಿಸ್ಸನ್ನು ಹೊಗಳಬೇಕೆಂದೇ ಎದ್ದು ನಿಂತಿದ್ದಳು. “ದಿನಾ ಹಿಂಗ ಹೇಳಂಗಿಲ್ರಿ. ಇವತ್ತ ಭಾಳ ಚಲೋ ಹೇಳ್ಯಾರ್ರಿ, ನನಗ ಎಲ್ಲಾ ತಿಳೀತು. ದಿನಾ ಇಂಗ್ಲಿಷ್ ಇರತೈತ್ರಿ. ಆ ಹಾಳಿ ತಿರುವಿದ್ರ ಐತಿ ನೋಡ್ರಿ.”

ರುದ್ರಮುನಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಕೃಷ್ಣಯ್ಯ ಹತ್ತಿರದ ಚಾರ್ಟಿನತ್ತ ತಿರುಗಿದರು. ಆಗ ಮುಂದಿನ ಸಾಲಿನಿಂದ ಅನಘಾ ಎದ್ದಳು.

“ಸುಳ್ಳು ಸಾರ್. ಅವ್ಳು ಯಾವಾಗ್ಲೂ ಸುಳ್ಳೇ ಹೇಳೋದು.”

ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅವಳ ಹಿಂದೆಯೇ ಉಳಿದ ಮಕ್ಕಳೂ “ಸುಳ್ಳು ಸಾರ್, ಸುಳ್ಳು ಸಾರ್” ಎಂದು ದನಿಗೂಡಿಸಿದವು. ಆಟದಲ್ಲಿ ಸೋಲಬಾರದು ಎನ್ನುವುದಷ್ಟೇ ಅವಕ್ಕೆ ಗೊತ್ತು.

ಕೃಷ್ಣಯ್ಯನವರ ಕೈ ಚಾರ್ಟಿನ ಅಂಚಿನವರೆಗೆ ಹೋಗಿತ್ತು. ಅವರು ಅದನ್ನು ಹಿಂದಕ್ಕೆ ತೆಗೆದುಕೊಂಡರು. “ಮಕ್ಕಳ ಮಾತು ಕೇಳಿ ಅವ್ರ ಮುಂದೇನೇ ಮೇಷ್ಟ್ರನ್ನ ತಪಾಸಣೆ ಮಾಡಿದ್ರೆ, ನಾಳೆ ಆ ಮೇಷ್ಟ್ರಿಗೆ ಏನಮ್ಮ ಮರ್ಯಾದೆ ಉಳೀತದೆ? ನಾನು ಇದನ್ನ ತಿರುಗ್ಸಲ್ಲ. ನೀವೇ ಹೇಳಿಬಿಡಿ. ಯಾರು ಹೇಳ್ತಿರೋದು ನಿಜ?”

ಅವರು ಗದರಿಸಿದ್ದರೆ ಚೆನ್ನಾಗಿತ್ತು. ಗದರಿಸಿದವರ ಮುಂದೆ ಸುಳ್ಳು ಹೇಳುವುದು ಅಷ್ಟೇನೂ ಕಷ್ಟವಲ್ಲ. ನೀಲಾಂಬಿಕಾ ಲಕ್ಷ್ಮವ್ವನನ್ನು ನೋಡಿದಳು. ಹುಡುಗಿಯ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ, ಮಿಸ್ ನಿಜ ಹೇಳುತ್ತಾರೆ ಎನ್ನುವುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಮುಂದಿನ ಸಾಲಿನಲ್ಲಿ ಅನಘಾ ಅಮ್ಮನನ್ನೇ ನೋಡುತ್ತಿದ್ದಳು.

“ಅವಳು ಹೊಸಬಳು ಸಾರ್. ಸ್ವಲ್ಪ ಏನೇನೋ ಕಟ್ಟಿ ಹೇಳ್ತಾಳೆ.”

ಕೃಷ್ಣಯ್ಯ ನಿಟ್ಟುಸಿರು ಬಿಟ್ಟು ಲಕ್ಷ್ಮವ್ವನ ಎದುರು ಕುಕ್ಕರಗಾಲಲ್ಲಿ ಕೂತರು. “ಇಷ್ಟು ಚೆನ್ನಾಗಿ ಕಲಿಸೋ ಮಿಸ್ಸಿನ ಮೇಲೆ ಹಾಗೆಲ್ಲ ಹೇಳಬಾರ್ದು ಪುಟ್ಟಾ. ತಪ್ಪಾಯ್ತು ಅನ್ನು.”

ಹುಡುಗಿ ಮಿಸ್ಸಿನ ಕಡೆ ನೋಡಿ “ತಪ್ಪಾತ್ರಿ” ಎಂದಳು.

ವರದಿಯಲ್ಲಿ ಕೃಷ್ಣಯ್ಯ ‘ಒಂದನೇ ತರಗತಿಯ ಕನ್ನಡ ಬೋಧನೆ ಮಾದರಿಯಾಗಿದೆ’ ಎಂದು ಬರೆದು ಸಹಿ ಹಾಕಿ ಹೋದರು. ರುದ್ರಮುನಿ ಎದುರಿನ ಬೇಕರಿಯಿಂದ ದಿಲ್‌ಪಸಂದ್ ತರಿಸಿ ಹಂಚಿದರು. “ಮಿಸ್, ಅನಘಾ ಐದನೇ ಕ್ಲಾಸ್ ತನಕ ಇಲ್ಲೇ ಓದ್ಲಿ. ಅವ್ಳು ಇವತ್ತು ಸ್ಕೂಲ್ನೇ ಉಳಿಸಿದ್ಲು ಕಣ್ರೀ. ಎಂಥಾ ಚೂಟಿ.” ನೀಲಾಂಬಿಕಾ ಬಯಸಿದ್ದು ಅದನ್ನೇ. ಸಂಜೆ ಕೈಹಿಡಿದು ನಡೆಯುವಾಗ ಮಗಳು, “ನಾನು ಕರೆಕ್ಟಾಗಿ ಹೇಳಿದ್ನಾ ಅಮ್ಮ?” ಎಂದು ಕೇಳಿದಳು. ಅಮ್ಮ ಹೂಂ ಎಂದಳು.

ಮರುದಿನ ಆ್ಯಪಲ್, ಬಾಲ್‌ಗಳು ಗೋಡೆಗೆ ಮರಳಿದ್ದವು. ನೀಲಾಂಬಿಕಾ ಹೊಳೆಯುವ ಚಿನ್ನದ ಬಣ್ಣದ ಸ್ಟಾರ್ ಒಂದನ್ನು ತಂದು ಲಕ್ಷ್ಮವ್ವನ ಕೈಗೆ ಅಂಟಿಸಿದಳು. “ಯಾಕ್ರಿ?” ಎಂದಳು ಹುಡುಗಿ. ನೀಲಾಂಬಿಕಾ ಬೋರ್ಡಿನತ್ತ ತಿರುಗಿ ಚಾಕ್‌ಪೀಸು ಎತ್ತಿಕೊಂಡಳು. ನೀನು ಹೇಳಿದ್ದೇ ನಿಜ ಎಂದರೆ ಮನೆಗೆ ಹೋಗಿ ಹೇಳುತ್ತಾಳೆ. ಮನೆಯಲ್ಲಿ ಹೇಳಿದರೆ ಬೀದಿಗೆ ಗೊತ್ತಾಗುತ್ತದೆ.

ಟೂ ಪ್ಲಸ್ ತ್ರೀ ಎಂದು ಬೋರ್ಡಿನ ಮೇಲೆ ಬರೆದು ಬೀಜ ಹಂಚಿದಳು. ಎಲ್ಲರೂ ತಲೆ ಬಗ್ಗಿಸಿ ಎಣಿಸುತ್ತಿರುವಾಗ ಲಕ್ಷ್ಮವ್ವನ ಪಕ್ಕಕ್ಕೆ ಹೋಗಿ ಕೂತಳು. ಹುಡುಗಿ ಎರಡು ಬೀಜ ಇಟ್ಟಿದ್ದಳು, ಅದರ ಮುಂದೆ ಮೂರು ಇಟ್ಟಿದ್ದಳು, ಬೆರಳಿನಿಂದ ಒಂದೊಂದನ್ನೇ ಮುಟ್ಟಿ ಎಣಿಸಿಯೂ ಆಗಿತ್ತು.

“ಎಷ್ಟಾಯ್ತು ಪುಟ್ಟಿ?” ಎಂದು ನೀಲಾಂಬಿಕಾ ಕನ್ನಡದಲ್ಲಿ, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ ಕೇಳಿದಳು.

ಲಕ್ಷ್ಮವ್ವ ಬೀಜಗಳನ್ನು ನೋಡಲಿಲ್ಲ. ತಲೆಯೆತ್ತಿ ಮಿಸ್ಸಿನ ಮುಖ ನೋಡಿದಳು.

“ನೀವು ಎಷ್ಟ್ ಅಂತೀರಿ ಅಷ್ಟ್ರಿ, ಮಿಸ್.”