ನಳಿಗೆಯ ಆಳ

ಮಾವನ ಕೋವಿಗಳ ರಿಜಿಸ್ಟರ್ ಬರೆಯುವ ಕೆಲಸ ನನಗೆ ಬಂದದ್ದು ನನ್ನ ಡೈರಿಯ ದೆಸೆಯಿಂದ. ಹೈಸ್ಕೂಲಿನಿಂದ ನಾನು ದಿನವೂ ಡೈರಿ ಬರೆಯುತ್ತೇನೆ: ಎಷ್ಟು ಗಂಟೆಗೆ ಎದ್ದೆ, ಕರೆಂಟ್ ಎಷ್ಟು ಸಲ ಹೋಯಿತು, ಪಿರಿಯಾಪಟ್ಟಣದ ಬಸ್ಸು ಎಷ್ಟು ನಿಮಿಷ ತಡ. ಡಿಗ್ರಿ ಮುಗಿಸಿ, ಪರೀಕ್ಷೆಗೆ ಓದಿಕೊಳ್ಳಲೆಂದು ಬೆಟ್ಟದಪುರದ ಸೋದರಮಾವನ ಮನೆಗೆ ಬಂದ ವಾರದಲ್ಲೇ ಮಾವ ಒಂದು ಉದ್ದನೆಯ ಪುಸ್ತಕ ತಂದು ನನ್ನ ಮುಂದಿಟ್ಟರು. ಕೌಬಾಯ್ ಪಿಕ್ಚರುಗಳ ಹಳೇ ಕೋವಿಗಳನ್ನು ಅವರು ಕೂಡಿಹಾಕುತ್ತಾರೆಂದು ಗೊತ್ತಿತ್ತು. ಅವಕ್ಕೆ ಬರೆದಿಟ್ಟ ಲೆಕ್ಕವಿಲ್ಲ ಎಂಬುದು ಗೊತ್ತಿರಲಿಲ್ಲ.

ಕೋವಿಗಳಿದ್ದದ್ದು ಹೊಗೆಸೊಪ್ಪು ಬೇಯಿಸುವ ಹಳೇ ಬ್ಯಾರನ್ನಿನಲ್ಲಿ. ಸೊಪ್ಪು ತೂಗುಹಾಕುವ ಗಳುಗಳಿಗೆ ಅವನ್ನು ಕಟ್ಟಿದ್ದರು. ಒಟ್ಟು ಐದು. ಕೊಡಗಿನ ಗಡಿಯ ಕಾಫಿ ತೋಟವೊಂದರಿಂದ ಬಂದದ್ದಕ್ಕೆ ಮರದ ಹಿಡಿ ಮಾತ್ರ ಇದೆ. ಹುಣಸೂರಿನ ಗುಜರಿಯಿಂದ ಬಂದದ್ದಕ್ಕೆ ಹೆಗಲಿಗೆ ಹಾಕಿಕೊಳ್ಳುವ ತೊಗಲು ಪಟ್ಟಿ ಮಾತ್ರ ಇದೆ. ಎರಡನ್ನೂ ಸೇರಿಸಿ ಒಂದೆಂದು ಬರೆಯಲೇ ಎಂದು ಕೇಳಿದೆ. ಅವು ಬೇರೆ ಬೇರೆ ಪಿಕ್ಚರಿನವು, ಸೇರಿಸಬಾರದು ಎಂದರು. ಮೂರನೆಯದು ಬಲೂನು ಹೊಡೆಯುವ ಅಂಗಡಿಯದು. ನಾಲ್ಕನೆಯದನ್ನು ಕಟ್ಟೆಮಳಲವಾಡಿಯ ಆಚಾರಿಯೊಬ್ಬರು ಮಾವನ ಮೊಬೈಲಿನಲ್ಲಿ ನಿಲ್ಲಿಸಿಟ್ಟ ದೃಶ್ಯ ನೋಡಿಕೊಂಡು ತೇಗದಲ್ಲಿ ಕೆತ್ತಿದ್ದರು. ಆ ದೃಶ್ಯದಲ್ಲಿ ಹೀರೋನ ಕೈ ಅಡ್ಡ ಬಂದಿದ್ದರಿಂದ ಅಷ್ಟು ಭಾಗದಲ್ಲಿ ಆಚಾರಿ ಏನನ್ನೂ ಕೆತ್ತಿರಲಿಲ್ಲ.

ಐದನೆಯದೇ ಅಸಲಿ. ಮಾವ ಚಿಕ್ಕವರಾಗಿದ್ದಾಗ ಸಾಲಿಗ್ರಾಮದ ಟೆಂಟಿನಲ್ಲಿ ಕೌಬಾಯ್ ಪಿಕ್ಚರ್ ಬಂದಾಗಲೆಲ್ಲ ಬಾಗಿಲ ಮೇಲೆ ಅದನ್ನು ನೇತುಹಾಕುತ್ತಿದ್ದರಂತೆ. ಟೆಂಟು ಮುಚ್ಚಿದ ಮೇಲೆ ಅದರ ಯಜಮಾನರು ಅದನ್ನು ಮಾವನಿಗೇ ಕೊಟ್ಟರು. ಕಬ್ಬಿಣದ್ದು, ಎತ್ತಿದರೆ ಭುಜ ನೋಯುವಷ್ಟು ಭಾರ. ಹೀರೋಗಳು ಕೆಳಕ್ಕೆ ಮೇಲಕ್ಕೆ ಜಗ್ಗಿ ಸದ್ದು ಮಾಡುವ ಲಿವರ್ ಇದಕ್ಕೂ ಇದೆ. ಆದರೆ ಅದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಮಾವನ ಕೈಗೆ ಬಂದಾಗಿನಿಂದ ಒಮ್ಮೆಯೂ ಅಲ್ಲಾಡಿರಲಿಲ್ಲ. ಆಗಲೂ ಈಗಲೂ ಮಾವನಿಗೆ ಇಂಗ್ಲಿಷ್ ಬಾರದು. ಆದರೂ ಪ್ರತಿ ಪಿಕ್ಚರಿನ ಕತೆ ಹೇಳುತ್ತಾರೆ. ನಾನು ಬರೆದುಕೊಂಡ ಹನ್ನೊಂದು ಕತೆಗಳಲ್ಲಿ ಒಂಬತ್ತು ಹೊಲದ ಬದುವಿನ ಜಗಳ.

ಉದ್ದ, ತೂಕ, ನಳಿಗೆಯ ಆಳ ಎಂದು ಮೂರು ಕಾಲಂ ಹಾಕಿಕೊಂಡೆ. ಅಸಲಿಯ ಉದ್ದ ಅಳೆದು, ತೂಕ ಹಾಕಿ, ಆಳ ನೋಡಲು ಒಂದು ಕಡ್ಡಿ ತಂದೆ. ಮಾವ ನಳಿಗೆಯ ಬಾಯಿಗೆ ಅಂಗೈ ಅಡ್ಡ ಇಟ್ಟರು.

"ಅದುಕ್ಕೆ ಕಡ್ಡಿ ಆಕ್ಬಾರ್ದು ಕಣವ್ವ. ಅಸ್ಲಿ ಅದು."

ಆ ಕಾಲಂ ಖಾಲಿ ಉಳಿಯಿತು.

ಚುನಾವಣೆ ಬಂತು. ಚುನಾವಣೆ ಬಂದರೆ ಲೈಸೆನ್ಸ್ ಇರುವ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಿ, ಫಲಿತಾಂಶದ ನಂತರ ವಾಪಸ್ ತರಬೇಕು. ಕಾಡುಹಂದಿಯಿಂದ ಬೆಳೆ ಕಾಯಲು ಲೈಸೆನ್ಸ್ ಪಡೆದವರು ನಮ್ಮ ಬೀದಿಯಲ್ಲಿ ನಾಲ್ವರಿದ್ದಾರೆ. ನಾಲ್ವರಿಗೂ ನೋಟಿಸು ಬಂತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೋವಿಯನ್ನು ಗೋಣಿತಾಟಿನಲ್ಲಿ ಸುತ್ತಿ, ಟೀ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿಕೊಂಡು ಅವರು ಒಬ್ಬರನ್ನೊಬ್ಬರು ಕಾಯುತ್ತಿದ್ದರು. ಮಾವನಿಗೆ ನೋಟಿಸು ಬರಲಿಲ್ಲ. ನಾಲ್ವರಲ್ಲಿ ಒಬ್ಬರು ಮಾವನನ್ನು ನೋಡಿ, ನಿನ್ನದನ್ನು ಸರ್ಕಾರ ಕೋವಿ ಅನ್ನೋದೇ ಇಲ್ಲ ಬುಡಪ್ಪ ಎಂದು ನಕ್ಕರು.

ಮಾವ ಮನೆಗೆ ಬಂದು ಅಂಗಿ ಬದಲಿಸಿದರು. ಅಸಲಿಯನ್ನು ಅತ್ತೆಯ ಹಳೇ ಸೀರೆಯಲ್ಲಿ ಸುತ್ತಿ, ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಠಾಣೆಗೆ ಹೊರಟರು. ಅಲ್ಲಿ ದೊಡ್ಡ ಸಾಲು. ಬರೆದುಕೊಳ್ಳುತ್ತಿದ್ದ ರೈಟರ್ ತಲೆ ಎತ್ತದೆ, ಲಿಸ್ಟಿನಲ್ಲಿ ನಿಮ್ಮ ಹೆಸರಿಲ್ಲ ಎಂದರು.

"ಇಲ್ದಿದ್ರೆ ಬರ್ಕೊಳಿ," ಎಂದರು ಮಾವ.

ಲೈಸೆನ್ಸ್ ಎಲ್ಲಿ ಎಂದು ರೈಟರ್ ಕೇಳಿದರು. ಮನೆಯಲ್ಲಿದೆ, ಆಮೇಲೆ ತರುತ್ತೇನೆ ಎಂದು ಮಾವ ಹೇಳಿದರು. ಮನೆಯಲ್ಲಿ ಅಂಥದ್ದೇನೂ ಇಲ್ಲವೆಂದು ನನಗೆ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ; ಅದನ್ನು ಆ ದಿನದ ಪುಟದಲ್ಲಿ ಬರೆದುಕೊಂಡಿದ್ದೇನೆ. "ಹಳೇ ಬಂದೂಕು ಒಂದು" ಎಂದು ರಸೀದಿ ಕೊಟ್ಟರು. ಲೈಸೆನ್ಸ್ ನಂಬರಿನ ಜಾಗ ಖಾಲಿ. ಮಾವ ಆ ರಸೀದಿಯನ್ನು ಟೀ ಅಂಗಡಿಯಲ್ಲಿ ನಾಲ್ವರಿಗೂ ತೋರಿಸಿದರು. ಯಾರೂ ನಗಲಿಲ್ಲ.

ಅಲ್ಲಿಂದ ಐವತ್ತೆರಡು ದಿನ ಕೋವಿ ಠಾಣೆಯಲ್ಲಿತ್ತು. ಅಷ್ಟು ದಿನದಲ್ಲಿ ಮಾವ ಬ್ಯಾರನ್ನಿಗೆ ಹೋಗಿ ಖಾಲಿ ಗಳು ನೋಡಿ ಬಂದದ್ದು ಮೂವತ್ತೊಂದು ಸಲ. ಮೊಬೈಲಿನಲ್ಲಿ ಪಿಕ್ಚರ್ ನೋಡಿದ್ದು ಸೊನ್ನೆ.

ಫಲಿತಾಂಶ ಬಂತು. ನಾಲ್ವರೂ ಕೋವಿ ತಂದುಕೊಂಡರು. ಮಾವನನ್ನು ಮಾತ್ರ ಸಬ್ ಇನ್ಸ್‌ಪೆಕ್ಟರ್ ಒಳಗೆ ಕರೆದು ಕೂರಿಸಿದರು. ಸಿಟ್ಟಿನ ಮನುಷ್ಯರಲ್ಲ, ನಿದ್ದೆಗೆಟ್ಟಿದ್ದರು. ಅವರು ಎರಡನೇ ಸಲ ಕೇಳಿದಾಗ, ಲೈಸೆನ್ಸ್ ಇಲ್ಲ ಎಂದು ಮಾವ ಒಪ್ಪಿಕೊಂಡರು.

"ನೋಡಿ ಯಜಮಾನ್ರೇ. ಇದು ಬಂದೂಕಾದ್ರೆ ನೀವು ಒಳಗೆ. ಬಂದೂಕು ಅಲ್ದಿದ್ರೆ ಇದು ಆಚೆಗೆ. ಏನಂತೀರಿ?"

ಮಾವ ಯೋಚನೆ ಮಾಡಲು ಒಂದು ದಿನ ಟೈಮು ಕೇಳಿದರು. ಸಬ್ ಇನ್ಸ್‌ಪೆಕ್ಟರ್ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ನಾಳೆ ಹತ್ತು ಗಂಟೆಗೆ, ಇದು ಬಂದೂಕಲ್ಲ ಎಂದು ಬರೆದು ತನ್ನಿ ಎಂದು ಕಳಿಸಿದರು.

ಮನೆಯಲ್ಲಿ ಅತ್ತೆ ವಿಷಯ ತಿಳಿದು ಮೊದಲು ಹೆದರಿದರು. ಆಮೇಲೆ ರೇಗಿದರು.

"ಒಂದು ಕಾಡಂದಿನಾದ್ರೂ ಎದುರ್ಕೊಂಡದಾ ಅದ್ಕೆ? ಬರ್ಕೊಟ್ಬುಟ್ಟು ಬನ್ನಿ ಅತ್ಲಾಗೆ. ಜೈಲಿಗೆ ಬುತ್ತಿ ಒರಕ್ಕೆ ನನ್ ಕೈಲಾಗಕಿಲ್ಲ."

ಬರೆಯಲು ನಾನು ಕುಳಿತೆ. ಒಟ್ಟು ನಾಲ್ಕು ಕರಡು. ಮೊದಲನೆಯದರಲ್ಲಿ ಮಾವ ಹೇಳಿ ಬರೆಸಿದ್ದು: "ಇದು ಹಳೇ ಕಾಲದ ಬಂದೂಕಾಗಿದ್ದು, ಹಾಲಿ ವಿಶ್ರಾಂತಿಯಲ್ಲಿರುತ್ತದೆ." ಇದು ನಡೆಯುವುದಿಲ್ಲ ಎಂದೆ. ಎರಡನೆಯದು: "ಇದು ಬಂದೂಕೇ ಆದರೂ ಯಾರಿಗೂ ತೊಂದರೆ ಕೊಟ್ಟಿರುವುದಿಲ್ಲ." ಮೂರನೆಯದರಲ್ಲಿ "ಸದ್ಯಕ್ಕೆ ಬಂದೂಕಲ್ಲ" ಎಂಬಲ್ಲಿಗೆ ಬಂದರು. ನಾಲ್ಕನೆಯದರಲ್ಲಿ ನಾನು "ಸದ್ಯಕ್ಕೆ" ತೆಗೆದೆ. ಮಾವ ಅದನ್ನು ಓದಿ ಮಡಿಸಿ ಜೇಬಿನಲ್ಲಿಟ್ಟುಕೊಂಡರು, ಸಹಿ ಹಾಕಲಿಲ್ಲ.

ಮರುದಿನ ಠಾಣೆಯಲ್ಲಿ ಪೇದೆಯೊಬ್ಬರು ಅಸಲಿಯನ್ನು ಹೊರಗೆ ತಂದರು. ನನಗೆ ಗುರುತೇ ಸಿಗಲಿಲ್ಲ. ಠಾಣೆಯ ಬಂದೂಕುಗಳನ್ನು ವಾರಕ್ಕೊಮ್ಮೆ ಎಣ್ಣೆ ಹಾಕಿ ಒರೆಸುವಾಗ ಇದನ್ನೂ ಒರೆಸಿದ್ದಾರೆ, ಏಳು ವಾರ. ತುಕ್ಕೆಲ್ಲ ಹೋಗಿ ಕಬ್ಬಿಣ ಕಪ್ಪಗೆ ಹೊಳೆಯುತ್ತಿತ್ತು. ಮಾವ ಎರಡೂ ಕೈಯಲ್ಲಿ ತೆಗೆದುಕೊಂಡರು. ಅವರ ಬೆರಳು ಲಿವರಿನೊಳಗೆ ತಾನಾಗಿ ಹೋಯಿತು.

ಕಟಕ್. ಕಟಕ್.

ಪೇದೆ ಗೋಡೆಗೆ ಅಂಟಿಕೊಂಡರು. ರೈಟರ್ ಮೇಜಿನ ಕೆಳಗೆ ಇಳಿದರು. ಸಬ್ ಇನ್ಸ್‌ಪೆಕ್ಟರ್ ಎದ್ದು ನಿಂತು, ನಿಧಾನವಾಗಿ, ಅದನ್ನು ಮೇಜಿನ ಮೇಲಿಡಿ ಎಂದರು. ಮಾವ ಇಟ್ಟರು. ಅವರ ಕಣ್ಣು ತುಂಬಿತ್ತು. ಇಷ್ಟು ವರ್ಷ ಕಾದ ಸದ್ದು ಬಂದ ದಿನ ಅವರ ಜೇಬಿನಲ್ಲಿ ಇದು ಬಂದೂಕಲ್ಲ ಎಂಬ ಕಾಗದವಿತ್ತು.

ಈಗ ಕಾಗದ ಸಾಲದು, ಮೈಸೂರಿಗೆ ಕಳಿಸಿ ಪರೀಕ್ಷೆ ಮಾಡಿಸಬೇಕು, ಅಲ್ಲಿಯವರೆಗೆ ಕೇಸು ಹಾಕಲೇಬೇಕು ಎಂದು ಸಬ್ ಇನ್ಸ್‌ಪೆಕ್ಟರ್ ಹೇಳತೊಡಗಿದರು. ನನಗೆ ಖಾಲಿ ಕಾಲಂ ನೆನಪಾಯಿತು. ಮಾವನ ಕಡೆ ನೋಡಿದೆ. ಅವರಿಗೂ ಅದೇ ನೆನಪಾಗಿತ್ತು ಎಂದು ಕಾಣುತ್ತದೆ. ಹಣೆ ಒರೆಸಿಕೊಂಡರು.

"ಕಡ್ಡಿ ಆಕವ್ವ," ಎಂದರು.

ಠಾಣೆಯ ಕಸಬರಿಕೆಯಿಂದ ಒಂದು ಕಡ್ಡಿ ಕಿತ್ತು ನಳಿಗೆಯೊಳಗೆ ಬಿಟ್ಟೆ. ಒಂದೂವರೆ ಬೆರಳು ಹೋಗಿ ನಿಂತಿತು. ಸಬ್ ಇನ್ಸ್‌ಪೆಕ್ಟರ್ ತಾವೂ ಚುಚ್ಚಿ ನೋಡಿದರು. ಮೇಜಿನಡಿಯಿಂದ ಬಂದ ರೈಟರ್ ಕೂಡ ಚುಚ್ಚಿದರು. ಅಲ್ಲಿಂದ ಹಿಂದಕ್ಕೆಲ್ಲ ಗಟ್ಟಿ ಸಲಾಕೆ, ತೂತೇ ಇಲ್ಲ. ಅಷ್ಟು ಹೊತ್ತೂ ಮಾವ ಕಿಟಕಿಯಾಚೆಯ ಹೊಂಗೆಮರ ನೋಡುತ್ತಿದ್ದರು. ಕರೆದಾಗ ಬಂದು, ಕಾಗದ ಬಿಚ್ಚಿ, ಸಹಿ ಹಾಕಿದರು. ಒಂದು ಪ್ರತಿಗೆ ಠಾಣೆಯ ಸೀಲು ಒತ್ತಿ ನಮಗೆ ಕೊಟ್ಟರು.

ಬರುವಾಗ ಟೀ ಅಂಗಡಿಯ ಮುಂದೆ ನಾಲ್ವರೂ ಕೂತಿದ್ದರು. ಸ್ಟೇಷನ್ನಿನವರು ಏನಂದರು ಎಂದು ಕೇಳಿದರು. ಮಾವ ನನ್ನ ಕಡೆ ತಿರುಗಿದರು. ನಾನು ಡೈರಿಯಲ್ಲಿ ಸುಳ್ಳು ಬರೆಯುವುದಿಲ್ಲ, ಹೊರಗೂ ಆದಷ್ಟು ಹೇಳುವುದಿಲ್ಲ.

"ವಾರ ವಾರ ಎಣ್ಣೆ ಹಾಕಿ ಒರೆಸಿದ್ರಂತೆ," ಎಂದೆ.

ಮಾವ ಸೀರೆ ಸರಿಸಿ ಲಿವರ್ ಜಗ್ಗಿದರು. ಕಟಕ್, ಕಟಕ್. ನಾಲ್ವರಲ್ಲಿ ಮೂವರು ಎದ್ದು ನಿಂತರು. ನಾಲ್ಕನೆಯವರ ಟೀ ಚೆಲ್ಲಿತು.

ಬ್ಯಾರನ್ನಿಗೆ ಹೋಗಿ ಅಸಲಿಯನ್ನು ಅದರ ಗಳುವಿಗೆ ಕಟ್ಟಿದೆವು. ಮಾವ ರಿಜಿಸ್ಟರ್ ತರಿಸಿ, ಸೀಲಿದ್ದ ಕಾಗದವನ್ನು ಅದರ ಪುಟಕ್ಕೆ ಅಂಟಿಸಲು ಹೇಳಿದರು. ಐದರಲ್ಲಿ ಪೊಲೀಸ್ ದಾಖಲೆ ಇರುವುದು ಇದೊಂದಕ್ಕೇ ಎಂದು ತೋರಿಸುತ್ತಾ ಸ್ವಲ್ಪ ಹುರುಪಾದರು. ಅಂಟಿಸಿದೆ. ಆಮೇಲೆ ನಳಿಗೆಯ ಆಳದ ಕಾಲಮ್ಮಿನ ಮೇಲೆ ಪೆನ್ನು ಹಿಡಿದು ಅವರ ಮುಖ ನೋಡಿದೆ.

ಮಾವ ಬಹಳ ಹೊತ್ತು ಗಳುವನ್ನೇ ನೋಡಿದರು.

"ಒಂದೂವರೆ ಬೆಳ್ಳು ಅಂತ ಬರ್ಕೊ," ಎಂದರು. ಬಾಗಿಲವರೆಗೆ ಹೋಗಿ ತಿರುಗಿ ನಿಂತರು. "ಪೆನ್ಸಿಲ್ನಲ್ಲಿ ಬರಿ ಕಣವ್ವ."