ಅಕ್ಷರವಿಲ್ಲದ ಕೀಬೋರ್ಡ್

ಬೆಳಿಗ್ಗೆ ಆರೂಮುಕ್ಕಾಲಿಗೆ ಮೇಲಿನ ಮನೆಯ ಪಾಟೀಲರು ಬನಿಯನ್ನಿನಲ್ಲೇ ಮೆಟ್ಟಿಲಿಳಿದು ಬಂದು, ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಮುಖ ತೂರಿಸಿ, ತುಟಿಯ ಮೇಲೆ ಬೆರಳಿಟ್ಟು ನಿಲ್ಲುತ್ತಿದ್ದರು. "ಅಕ್ಕಾರ, ಐದು ಮಿನಿಟ್ ಮಿಕ್ಸರ್ ಬಂದ್ ಮಾಡ್ರಿ. ರೆಕಾರ್ಡಿಂಗ್ ಐತಿ."

ನಾನು ಬಂದ್ ಮಾಡುತ್ತಿದ್ದೆ. ಅರ್ಧ ಅರೆದ ಚಟ್ನಿ ಹಾಗೇ ಕಾಯುತ್ತಿತ್ತು. ಮೇಲೆ ಹೋಗಿ ಅವರೇನು ಹಾಡುತ್ತಿರಲಿಲ್ಲ. ಕಂಪ್ಯೂಟರಿನ ಕೀಬೋರ್ಡ್ ಕುಟ್ಟಿ, ಅದರ ಸಪ್ಪಳವನ್ನು ಮೊಬೈಲಿನಲ್ಲಿ ಹಿಡಿದು, ತಮ್ಮಂಥದೇ ಹುಚ್ಚಿನವರ ಗುಂಪಿಗೆ ಕಳಿಸುತ್ತಿದ್ದರು. ಗೋವೆಯ ಫೋಂಡಾದ ನಮ್ಮ ಓಣಿಗೆ ಅದೇ ಹೊತ್ತಿಗೆ ಪಾವ್ ಮಾರುವವನು ಸೈಕಲ್ ಹಾರ್ನ್ ಒತ್ತುತ್ತ ಬರುತ್ತಿದ್ದ. "ಪೋಂ ಪೋಂ ಅಂತ ಎಲ್ಲಾ ಕೆಡಿಸಿದ ನೋಡ್ರಿ," ಎಂದು ಬೈಯುತ್ತಲೇ ಅವನಿಂದ ನಾಲ್ಕು ಪಾವ್ ಕೊಳ್ಳುತ್ತಿದ್ದರು.

ಮಡ್ಕಯಿಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಅವರಿಗೆ ಕೆಲಸ. ಮನೆಗೆ ಬಂದರೆ ಊಟದ ಮೇಜೇ ಕಾರ್ಖಾನೆ. ಕೀಬೋರ್ಡಿನ ಪ್ರತಿ ಗುಂಡಿಯ ಕೆಳಗೂ ಒಂದು ಪುಟ್ಟ ಸ್ವಿಚ್ಚು. ಬಿಚ್ಚಿದರೆ ಮುಚ್ಚಳ, ತಳ, ನಡುವಿನ ಕಂಬ, ಕೂದಲೆಳೆಯಂಥ ಸ್ಪ್ರಿಂಗು. ಹೆಂಡತಿ ಸುನಂದಾಳ ಮಸಾಲೆ ಡಬ್ಬಿಯಲ್ಲಿ ಸಾಸಿವೆ, ಜೀರಿಗೆ ಇರಬೇಕಾದಲ್ಲಿ ಈ ತುಂಡುಗಳಿರುತ್ತಿದ್ದವು. ಒಂದೊಂದಕ್ಕೂ ಕುಂಚದಿಂದ ಗ್ರೀಸು ಸವರಿ, ಜೋಡಿಸಿ, ಕಿವಿಯ ಹತ್ತಿರ ಹಿಡಿದು ಒತ್ತಿ, ಮುಖ ಕಿವಿಚಿ, ಮತ್ತೆ ಬಿಚ್ಚುವುದು. ಹೀಗೆ ಎಂಬತ್ತೇಳು ಗುಂಡಿ. ಒಮ್ಮೆ ಅವಲಕ್ಕಿಯಲ್ಲಿ ಸ್ಪ್ರಿಂಗು ಸಿಕ್ಕಿ ಸುನಂದಾ ಉಗುಳಿದರೆ, "ಹಾಂ, ಸಿಕ್ತಲ್ಲ!" ಎಂದು ತೊಳೆದುಕೊಂಡು ಹೋದರಂತೆ. ಹಲ್ಲು ನೆಟ್ಟಗಿದೆಯೇ ಎಂದು ಕೇಳಲಿಲ್ಲ.

ನನ್ನನ್ನೂ ಕರೆಸಿ ಕೇಳಿಸುತ್ತಿದ್ದರು.

"ಹೆಂಗ ಅನಸ್ತೈತ್ರಿ?"

"ಎಣ್ಣ್ಯಾಗ ಸಾಸವಿ ಸಿಡಿದಂಗ."

"ಛೇ ಛೇ, ಮೊದಲ ಸಾಸವಿ ಇತ್ರೀ. ಈಗ ಹುಣಸಿಬೀಜ ಕಲ್ಲಿನ ಮ್ಯಾಲ ಬಿದ್ದಂಗ ಆಗೈತಿ. ಕಿವಿ ಬೇಕ್ರಿ ಅದಕ್ಕ."

ನನಗೆ ಇರುವುದು ಎರಡೇ.

ರೆಕಾರ್ಡಿಂಗಿಗೆ ಅಡ್ಡ ಬರುತ್ತಿದ್ದ ಇನ್ನೊಂದು ಸಪ್ಪಳ ಸುನಂದಾಳ ದನಿ. "ಅಲ್ರೀ, ನನ್ನ ಅರ್ಜಿ ಯಾವಾಗ ಹೊಡೀತೀರಿ?" ಅದನ್ನು ಅವರು ಬಹಳ ನಾಜೂಕಾಗಿ ಕತ್ತರಿಸಿ ತೆಗೆಯುತ್ತಿದ್ದರು. ದಾಬೋಲಿಮ್‌ನ ವಿಮಾನ ನಿಲ್ದಾಣದ ಬದಿಯ ಕನ್ನಡ ಶಾಲೆಯೊಂದಕ್ಕೆ ಟೀಚರ್ ಬೇಕಾಗಿದ್ದರು. ಮದುವೆಗೆ ಮೊದಲು ಕಲಿಸುತ್ತಿದ್ದ ಸುನಂದಾ ಹನ್ನೊಂದು ವರ್ಷದಿಂದ ಮನೆಯಲ್ಲಿದ್ದಳು. ಟೈಪು ಮಾಡಿದ ಅರ್ಜಿಯೇ ಬೇಕಂತೆ. ಅಂಗಡಿಯಲ್ಲಿ ಮಾಡಿಸುತ್ತೇನೆಂದರೆ ಪಾಟೀಲರ ಮಾನ ಹೋಗುತ್ತಿತ್ತು. "ಮನ್ಯಾಗ ಇಂಥಾ ಕೀಬೋರ್ಡ್ ಇಟಗೊಂಡು ಅಂಗಡಿಗೆ ಹೋಗ್ತಿ? ನಾನ ಹೊಡದು ಕೊಡ್ತೇನಿ, ತಡಿ." ತಾನೇ ಹೊಡೆಯೋಣವೆಂದರೆ, ಅವರು ಹೊಸದಾಗಿ ತರಿಸಿದ ಗುಂಡಿಗಳ ಮೇಲೆ ಅಕ್ಷರವೇ ಇರಲಿಲ್ಲ. ಎಲ್ಲಾ ಬೋಳು ಕಪ್ಪು. "ಅಕ್ಷರ ನೋಡಿ ಹೊಡ್ಯಾವರಿಗೆ ಇದಲ್ಲ," ಎಂದು ಬೀಗುತ್ತಿದ್ದರು.

ಅರ್ಜಿಯ ಕೊನೆಯ ದಿನ ರವಿವಾರ. ಸಂಜೆ ಐದರೊಳಗೆ ಕಳಿಸಬೇಕು. ಮಧ್ಯಾಹ್ನ ಸುನಂದಾ ನನ್ನನ್ನು ಸಾಕ್ಷಿಗೆ ಕರೆದು, ಗಂಡನನ್ನು ಕುರ್ಚಿಯಲ್ಲಿ ಕೂಡಿಸಿದಳು. ಪಾಟೀಲರು ನೆಟಿಗೆ ಮುರಿದು ಶುರು ಮಾಡಿದರು. ಸಪ್ಪಳವೇನೋ ಚೆನ್ನಾಗಿಯೇ ಬಂತು. ಪರದೆಯ ಮೇಲೆ 'ಮಾನ್ಯರೇ' ಎಂದಿರಬೇಕಾದಲ್ಲಿ ಬಂದದ್ದನ್ನು ಮಾತ್ರ ಯಾವ ಭಾಷೆಯವರೂ ಓದಲಾರರು. ಅಳಿಸಿದರು, ಮತ್ತೆ ಹೊಡೆದರು. ಆಡುತ್ತಿದ್ದದ್ದು ಎರಡೇ ಬೆರಳು. ಕಣ್ಣು ಮತ್ತೆ ಮತ್ತೆ ಅರ್ಧ ತೆರೆದ ಡ್ರಾಯರಿನ ಕಡೆ ಹೋಗುತ್ತಿತ್ತು. ಸುನಂದಾ ಸರ್ರನೆ ಅದನ್ನು ಎಳೆದಳು. ಯಾವ ಗುಂಡಿಗೆ ಯಾವ ಅಕ್ಷರ ಎಂದು ಅವರೇ ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡ ಚೀಟಿ ಒಳಗಿತ್ತು.

"ಏಳ್ರಿ," ಅಂದಳು.

"ತಡಿ, ಈಗ ಕೈ ಕುಂದ್ರಾಕತ್ತೈತಿ..."

"ಹನ್ನೊಂದು ವರ್ಷ ತಡದೇನ್ರಿ. ಏಳ್ರಿ."

ಎದ್ದರು. ಸುನಂದಾ ಕೆಂಪು ಉಗುರುಬಣ್ಣ ತಂದು, ಚೀಟಿ ನೋಡಿಕೊಂಡು, ಒಂದೊಂದು ಗುಂಡಿಯ ಮೇಲೂ ಕಪ್ಪುಹಲಗೆಯ ಮೇಲೆ ಬರೆದಂತೆ ದುಂಡಗೆ ಅಕ್ಷರ ಬರೆದಳು. "ಅಕ್ಕಾರ, ನೀವಾರ ಹೇಳ್ರಿ!" ಎಂದು ಪಾಟೀಲರು ನನ್ನ ಕಡೆ ತಿರುಗಿದರು. ನಾನು ಬಣ್ಣದ ಬಾಟಲಿ ಹಿಡಿದುಕೊಂಡಿದ್ದೆ.

ನಾಲ್ಕೂವರೆಗೆ ಅರ್ಜಿ ಹೋಯಿತು. ತಿಂಗಳೊಳಗೆ ಕೆಲಸವೂ ಸಿಕ್ಕಿತು.

ಶಾಲೆಯ ಹತ್ತಿರಕ್ಕೆ ಹೋಗಲು ಮನೆ ಖಾಲಿ ಮಾಡಿದ ದಿನ ಪಾಟೀಲರು ಸಾಮಾನು ತುಂಬಿದ ಟೆಂಪೋದ ಪಕ್ಕ ಕೀಬೋರ್ಡನ್ನು ಕೂಸಿನಂತೆ ಎದೆಗೊತ್ತಿಕೊಂಡು ನಿಂತಿದ್ದರು. ಕೆಂಪು ಅಕ್ಷರಗಳು ಹಾಗೇ ಇದ್ದವು.

"ಬಣ್ಣ ತಗೀಲಿಲ್ಲೇನ್ರಿ?"

"ಯಾಕ ತಗೀಲ್ರಿ? ಬಣ್ಣ ಬಿದ್ದಮ್ಯಾಲ ಸಪ್ಪಳ ಇನ್ನೂ ದುಂಡಗ ಆಗೈತಿ. ಗುಂಪಿನ್ಯಾಗ ಎಲ್ಲಾರೂ ಕೇಳಾಕತ್ತಾರ, ಯಾರ ಐಡಿಯಾ ಅಂತ."

"ಯಾರದು ಅಂದ್ರಿ?"

ಟೆಂಪೋದ ಹಗ್ಗ ಬಿಗಿಯಾಗಿದೆಯೇ ಎಂದು ನೋಡಲು ಹೋದವರು ಆ ಕಡೆಯಿಂದಲೇ ಹತ್ತಿ ಕುಳಿತರು.

ಈಗ ನನ್ನ ಮಿಕ್ಸರನ್ನು ಕೇಳುವವರಿಲ್ಲ. ಮೊನ್ನೆ ಚಟ್ನಿ ಅರೆಯುವಾಗ ಅವರಿಂದ ಒಂದು ರೆಕಾರ್ಡಿಂಗ್ ಬಂತು. ಎರಡು ಸಲ ಟಕ್ ಟಕ್ ಆಗುವಷ್ಟರಲ್ಲಿ ತಲೆಯ ಮೇಲೇ ವಿಮಾನ ಇಳಿದಂಥ ಅಬ್ಬರ. ಅದು ಅಡಗಿದ ಮೇಲೆ ಸುನಂದಾ: "ಆತಿಲ್ರೀ ನಿಮ್ಮದು? ಏಳ್ರಿ, ನನ್ನ ಪ್ರಶ್ನೆಪತ್ರಿಕೆ ಹೊಡ್ಯೂದೈತಿ." ಕತ್ತರಿಸಿರಲಿಲ್ಲ. ಕುರ್ಚಿ ಸರಿದ ಸದ್ದು. ಆಮೇಲೆ ಹತ್ತೂ ಬೆರಳು, ತಡೆಯಿಲ್ಲದೆ.

ನಾನೇ ಮಿಕ್ಸರ್ ಬಂದ್ ಮಾಡಿ ಇನ್ನೊಮ್ಮೆ ಕೇಳಿದೆ. ಹುಣಸೆಬೀಜವೇ.